ದಾಖಲೆ ಪುಸ್ತಕದಲ್ಲಿ ಇಲ್ಲದ ಮನೆಮಾತು

ನಾನು ಪಾಠ ಹೇಳುವ ಸರಕಾರಿ ಮರಾಠಿ ಶಾಲೆ ಮಹಾರಾಷ್ಟ್ರದ ಔರಾದ ಶಹಾಜನಿಯಿಂದ ತುಸು ಒಳಗೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿದೆ. ಒಂದರಿಂದ ನಾಲ್ಕನೆಯ ತರಗತಿ, ಎರಡು ಕೋಣೆ, ಇಬ್ಬರೇ ಶಿಕ್ಷಕರು: ಮುಖ್ಯಾಧ್ಯಾಪಕರು ಮತ್ತು ನಾನು. ಶಾಲೆಯ ದಾಖಲೆ ಪುಸ್ತಕ ತೆರೆದರೆ ಅದರಲ್ಲಿ ಕನ್ನಡ ಮನೆಮಾತಿನ ಮಗು ಒಂದೂ ಇಲ್ಲ. ಸಣ್ಣ ಸುಟ್ಟಿಯ ಬಿಡುವಿನಲ್ಲಿ ಅಂಗಳಕ್ಕೆ ಬಂದು ನಿಲ್ಲಿ. ಜಗಳ, ಚಾಡಿ, ಆಟ, ಅಳು ಎಲ್ಲವೂ ಕನ್ನಡದಲ್ಲೇ. ಮರಾಠಿ ಕೇಳಿಸುವುದು ನಾವು ಶಿಕ್ಷಕರು ಬಾಯಿ ತೆರೆದಾಗ.

ಈ ಸುಳ್ಳನ್ನು ಮೇಲಿನವರು ಯಾರೋ ಬರೆಸಿದ್ದಲ್ಲ. ನಮ್ಮ ಕಡೆ ಒಂದು ರೂಢಿಯಿದೆ. ಮನೆಯಲ್ಲಿ ಯಾವ ಮಾತನ್ನೇ ಆಡಲಿ, ಕಾಗದದ ಮೇಲೆ ಮರಾಠಿ ಎಂದು ಬರೆಸಬೇಕು. ರೇಷನ್ ಕಾರ್ಡು ಮರಾಠಿ, ಹೊಲದ ಪಹಣಿಯ ಉತಾರ ಮರಾಠಿ, ಇನ್ನು ಮಗುವೇಕೆ ಬೇರೆ? ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಇದು ತಪ್ಪು ಅನ್ನಿಸುವುದೂ ಇಲ್ಲ. ಮನೆಮನೆಗೆ ಹೋಗಿ ಪೂಜೆ ಮಾಡಿಸುತ್ತಿದ್ದ ಅಯ್ಯನವರು ನಮ್ಮಪ್ಪ. ಪಂಚಾಂಗದ ಮೇಲೆ ಬೆರಳಿಟ್ಟು ನನಗೆ ಕನ್ನಡ ಅಕ್ಷರ ಕಲಿಸಿದವರು. ಅವರೂ ನನ್ನನ್ನು ಶಾಲೆಗೆ ಸೇರಿಸುವಾಗ ಮರಾಠಿ ಎಂದೇ ಬರೆಸಿದ್ದರು.

ಹಾಗಾಗಿ ಒಬ್ಬ ಹುಡುಗಿಯನ್ನು ಅವಳ ಅಜ್ಜಿ ಒಂದನೆಯ ತರಗತಿಗೆ ಸೇರಿಸಲು ಕರೆತಂದಾಗ ನಾನು ಎರಡು ಸಲ ಯೋಚಿಸಲಿಲ್ಲ. ಅಜ್ಜಿ ಮಠದ ದಾಸೋಹಕ್ಕೆ ಮುತ್ತಲದೆಲೆಯ ಪತ್ರಾವಳಿ ಹಚ್ಚಿಕೊಡುವವಳು.

“ಮನಿಮಾತು ಮನ್ಯಾಗ ಇರ್ತದ ಬಾಯಾರ. ಕಾಗದಕ್ಕ ಮರಾಠೀನೇ ಬರೀರಿ,” ಅಂದಳು. ಊರವರಿಗೆ ಶಿಕ್ಷಕಿಯೆಂದರೆ ಬಾಯಾರು.

ಬರೆದೆ. ಅಕ್ಷರ ದುಂಡಗೆ ಬಂದಿದ್ದವು.

ಹುಡುಗಿ ಮೂರನೆಯ ತರಗತಿಗೆ ಬಂದ ವರ್ಷ ಮೇಲಿನಿಂದ ಪರೀಕ್ಷೆಯ ಕಾಗದ ಬಂತು. ಮರಾಠಿ ಪಾಠ ಓದಿ ಉತ್ತರ ಹೇಳಬೇಕು, ಮರಾಠಿಯಲ್ಲಿ ಕೇಳಿದ ಲೆಕ್ಕ ಬಿಡಿಸಬೇಕು. ನಮ್ಮ ಅರ್ಧಕ್ಕರ್ಧ ಮಕ್ಕಳು ನೆಲ ಕಚ್ಚಿದರು. ತಾಲೂಕಿನ ಊರು ನಿಲಂಗಾದಲ್ಲಿ ಸಭೆ ಕರೆದರು. ಶಿಕ್ಷಣ ಇಲಾಖೆಯ ಸಾಹೇಬರು ನಮ್ಮ ಶಾಲೆಯ ಹಾಳೆ ಎತ್ತಿ ಹಿಡಿದು, ಎಲ್ಲರೂ ಮರಾಠಿ ಮನೆಯ ಮಕ್ಕಳು, ಅವರಿಗೇ ಮರಾಠಿ ತಿಳಿಯುವುದಿಲ್ಲವೆಂದರೆ ನೀವು ಅಲ್ಲಿ ಮಾಡುವುದಾದರೂ ಏನು ಎಂದು ಕೇಳಿದರು. ಸಿಟ್ಟಿಗೆ ನನ್ನ ಕಿವಿ ಬಿಸಿಯಾದವು. ಆದರೆ ಆ ಹಾಳೆಯಲ್ಲಿದ್ದ ‘ಮರಾಠಿ’ಗೆ ಮೂಲ ನನ್ನದೇ ಕೈಬರಹ. ಬಾಯಿ ಮುಚ್ಚಿಕೊಂಡು ಬಂದೆ.

ಮುಖ್ಯಾಧ್ಯಾಪಕರು ದಾರಿ ಹುಡುಕಿದರು. ಬುದ್ಧಿ ಮಂದ ಎಂದು ಬರೆಸಿದ ಮಗುವಿನ ಅಂಕ ಶಾಲೆಯ ಫಲಿತಾಂಶದಲ್ಲಿ ಸೇರುವುದಿಲ್ಲವಂತೆ. ಉದಗೀರದಲ್ಲಿ ಅಂಥ ಮಕ್ಕಳ ತಪಾಸಣೆಯ ಶಿಬಿರವಿತ್ತು. ಅಲ್ಲಿಗೆ ಕಳಿಸುವ ಪಟ್ಟಿಯ ಮೊದಲ ಹೆಸರು ಆ ಹುಡುಗಿಯದು, ಯಾಕೆಂದರೆ ಪರೀಕ್ಷೆಯ ದಿನ ಶಾಲೆಗೆ ಬಂದಿದ್ದ ಸಾಹೇಬರ ಮುಂದೆ ಅವಳು ತುಟಿಪಿಟಕ್ಕೆನ್ನದೆ ನಿಂತಿದ್ದಳು.

“ಸರ್, ಆಕಿ ಭಾಳ ಶಾಣ್ಯಾ ಹುಡುಗಿ. ನಿಮಗೂ ಗೊತ್ತದ,” ಅಂದೆ.

“ಗೊತ್ತದ ರೀ. ಆದ್ರ ಇಂಥಾ ಫಲಿತಾಂಶ ಬಂದ್ರ ಮುಚ್ತಾರ, ಶಾಳಾ ಉಳೀಬೇಕಲ್ಲ,” ಅಂದರು. ಅವರ ಮನೆಮಾತೂ ಕನ್ನಡವೇ.

ಶಾಲೆ ಉಳಿಸಲು ಮಗುವನ್ನು ಪೆದ್ದಿ ಮಾಡಬೇಕಂತೆ. ಇದಕ್ಕಿಂತ ಹೇಸಿಗೆಯ ಮಾತನ್ನು ನಾನು ಶಾಲೆಯೊಳಗೆ ಕೇಳಿಲ್ಲ. ಆದರೂ ನಾನೇ ಅಜ್ಜಿ ಮೊಮ್ಮಗಳಿಬ್ಬರನ್ನೂ ಕರೆದುಕೊಂಡು ಉದಗೀರದ ಬಸ್ಸು ಹತ್ತಿದೆ. ಅಲ್ಲಿ ಮಾತಾಡಿ ಸರಿಪಡಿಸಬಹುದು ಎಂಬ ಆಸೆಯಿತ್ತು.

ಶಿಬಿರದಲ್ಲಿ ತಪಾಸಣೆ ಮಾಡುವ ಮೇಡಂ ಕೆಟ್ಟವರೇನಲ್ಲ. ಮರಾಠಿಯಲ್ಲಿ ನಿಧಾನವಾಗಿ, ಮತ್ತೆ ಮತ್ತೆ ಕೇಳಿದರು. ಹುಡುಗಿ ತನ್ನ ಕಾಲ ಬೆರಳನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಮಠದಾಗ ನಲವತ್ತು ಪತ್ರಾವಳಿ ಇಟ್ಟೀವಿ. ಹದಿನೇಳು ಮಂದಿ ಉಂಡು ಎದ್ದರ ಎಷ್ಟು ಉಳೀತಾವ?” ಅಂದೆ.

“ಇಪ್ಪತ್ಮೂರು,” ಅಂದಳು ತಟ್ಟನೆ. “ಆದ್ರ ಎರಡು ಮೂರು ಹರದದ್ದು ಇರ್ತಾವ ಬಾಯಾರ. ಅವು ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಮರಾಠಿಗೆ ತಿರುಗಿಸಿ ಹೇಳಿದೆ. ಅವರು ನಕ್ಕರು. ಆಮೇಲೆ ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು. ಮನೆಮಾತು, ಮರಾಠಿ. ಈ ಮಗುವನ್ನು ಇನ್ನೊಂದು ಭಾಷೆಯಲ್ಲಿ ಪರೀಕ್ಷಿಸಲು ತಮಗೆ ಅಧಿಕಾರವಿಲ್ಲ ಎಂದರು. ಇದು ಸುಳ್ಳು ಎಂದೆ. ಹಾಗಾದರೆ ಮೂಲ ದಾಖಲೆಯಲ್ಲಿ ಬರೆದವರು ಯಾರು ಎಂದು ಕೇಳಿದರು.

“ನಾನೇ,” ಅಂದೆ.

ಅವರು ಮುಂದಿನ ಖಾಲಿ ಜಾಗದಲ್ಲಿ ಬುದ್ಧಿ ಮಂದ ಎಂದು ತುಂಬಿ ಸಹಿ ಹಾಕಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿ ನನ್ನ ಸೆರಗು ಹಿಡಿದು ಕೇಳಿದಳು:

“ಬಾಯಾರ, ನನಗೇನು ಆಗ್ಯಾದ?”

“ಏನೂ ಆಗಿಲ್ಲವ್ವಾ.”

“ಮತ್ತ ಅವ್ರು ಬರಕೊಂಡ್ರಲ್ಲ?”



ಮರುದಿನ ದಾಖಲೆ ತಿದ್ದುತ್ತೇನೆ ಎಂದು ಮುಖ್ಯಾಧ್ಯಾಪಕರಿಗೆ ಹೇಳಿದೆ. ಒಮ್ಮೆ ಬರೆದದ್ದನ್ನು ಮೇಲಿನ ಹುಕುಂ ಇಲ್ಲದೆ ಮುಟ್ಟುವ ಹಾಗಿಲ್ಲ ಎಂದರು. ಅರ್ಜಿ ಬರೆದೆ, ಉತ್ತರವಿಲ್ಲ. ಮತ್ತೆ ಬರೆದೆ. ಮಗುವಿನ ತಲೆಯ ಮೇಲೆ ಮಂದ ಎಂದು ಬರೆಯಲು ಅರ್ಧ ಗಂಟೆ ಸಾಕಾಗಿತ್ತು.

ಈ ಜೂನ್‌ನಲ್ಲಿ ಅದೇ ಅಜ್ಜಿ ಹುಡುಗಿಯ ತಂಗಿಯನ್ನು ಕರೆತಂದಳು. ಹೆಸರು, ಜನ್ಮ ತಾರೀಖು ಬರೆದು, ಮನೆಮಾತಿನ ಜಾಗಕ್ಕೆ ಬಂದಾಗ ಕನ್ನಡ ಎಂದು ಬರೆದೆ. ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ ಮೊಮ್ಮಗಳನ್ನು ಸರಕ್ಕನೆ ಹತ್ತಿರ ಎಳೆದುಕೊಂಡಳು.

“ಬ್ಯಾಡ್ರಿ ಬಾಯಾರ, ಹೊಡದ ಹಾಕ್ರಿ. ಹಂಗ ಬರದ್ರ ಇಕೀಗೂ ಉದಗೀರಕ್ಕ ಒಯ್ತಾರ.”

“ಯಮ್ಮಾ,” ಅಂದೆ, “ಹಂಗ ಬರೀದಿದ್ದಕ್ಕೇ ಒಯ್ದೀವಿ ಇಕಿ ಅಕ್ಕಗ.”



“ನಾ ಓದಿಲ್ಲ ರೀ,” ಅಂದಳು ಅಜ್ಜಿ. “ಆಗ ಬರೀವಾಗ ನಿಮಗ ಗೊತ್ತಿತ್ತಲ್ಲ?”