ಮಂಜುಳನ ಮೂಗುಬೊಟ್ಟು

ಆಗೆಲ್ಲ ಪಾಳ್ಯದ ಕಡೆಯ ನಮ್ಮ ಮನೆಗಳಲ್ಲಿ ಅವರೆಕಾಯಿ ಕಾಲ ಶುರುವಾಯಿತೆಂದರೆ ಭಾನುವಾರಕ್ಕೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳಲ್ಲಿ ಹಿಚುಕಿ ಬೇಳೆ ಹಾರಿಸುವುದು ಹೆಣ್ಣುಮಕ್ಕಳ ಪಾಲಿಗೆ. ಉಗುರಿನ ಸಂದಿಗೆಲ್ಲ ಅವರೆಯ ಸೊಗಡು. ನಾನು ಜಗಲಿಯಲ್ಲಿ ಕೂತು ಹಾಗೆ ಕಾಳು ಹಿಚುಕುತ್ತಿದ್ದಾಗಲೇ ಪಕ್ಕದ ಮನೆಯ ನನ್ನ ದೊಡ್ಡವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ನಿಂತ ಹಾಗೇ ಹೇಳಿದರು:

"ನಮ್ಮ ಮಂಜಿ ಇನ್ನ ಇಸ್ಕೂಲಿಗೆ ಬರಾಕಿಲ್ಲ ಕಣೇ. ನಿಮ್ಮ ದೊಡ್ಡಪ್ಪ ಬ್ಯಾಡ ಅಂದ್ಬುಟ್ರು. ನಾಳಿಂದ ನೀನೊಬ್ಳೇ ಹೋಗು."

ಮಜ್ಜಿಗೆ ಮುಗಿದಿದೆ ಅನ್ನುವಷ್ಟೇ ಸಲೀಸಾಗಿ ಹೇಳಿದರು. ದೊಡ್ಡವ್ವನ ಮಗಳು ಮಂಜುಳ ಮತ್ತು ನಾನು ಎಂಟನೇ ಕ್ಲಾಸಿನಲ್ಲಿ ಒಂದೇ ಬೆಂಚು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನರ್ಸ್ ಆಗಬೇಕೆಂದು ಅವಳಿಗೆ ಆಸೆ. ಆಟಕ್ಕೆ ಕೂತಾಗಲೂ ನನ್ನ ಕೈಗೆ ಮುಳ್ಳು ಚುಚ್ಚಿ "ಅಲ್ಲಾಡ್ಬೇಡ, ನೋವಾಗಲ್ಲ" ಅನ್ನುತ್ತಿದ್ದಳು. ಇದೆಲ್ಲ ಮುಗಿಯಿತು ಅನ್ನುವುದಕ್ಕೆ ಕಾರಣ ಹಿಂದಿನ ದಿನ, ಶನಿವಾರ, ಇಂಗ್ಲಿಷ್ ಪಿರಿಯಡ್ಡಿನಲ್ಲಿ ನಡೆದದ್ದು.

ನಮಗೆ ಎ ಬಿ ಸಿ ಡಿ ಕಂಡದ್ದೇ ಐದನೇ ಕ್ಲಾಸಿಗೆ ಬಂದ ಮೇಲೆ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೆ ಅದು ಲೆಕ್ಕಕ್ಕಿಲ್ಲ. ಶನಿವಾರ ಬೆಳಗ್ಗೆ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದು ಇಂಗ್ಲಿಷಿನ ನುಡಿಗಟ್ಟು ಹೇಳಿ ಬರೆಸುತ್ತಿದ್ದರು. ಕನ್ನಡದಲ್ಲಾದರೆ ಕೇಳಿದ್ದನ್ನು ಕೇಳಿದ ಹಾಗೆ ಬರೆದರಾಯಿತು. ಇಂಗ್ಲಿಷಿನಲ್ಲಿ ಬಾಯಲ್ಲಿ ಒಂದೇ, ಸೀಮೆಸುಣ್ಣದಲ್ಲಿ ಎರಡು. ಹವಾಮಾನದ ವೆದರ್ ಬೇರೆ, ಹೌದೋ ಅಲ್ಲವೋ ಅನ್ನುವ ವೆದರ್ ಬೇರೆ. ತಪ್ಪು ಬರೆದವರಿಗೆ ಮೇಷ್ಟ್ರು ತಾವು ಹೊಡೆಯುತ್ತಿರಲಿಲ್ಲ. ಸರಿ ಬರೆದವರು ತಪ್ಪು ಬರೆದವರ ಮೂಗನ್ನು ಎಡಗೈಲಿ ಹಿಡಿದು ಬಲಗೈಲಿ ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಬಾರಿಸಿದರೆ ಅವರಿಗೇ ಬೆತ್ತ. ಹುಡುಗಿಯರಿಗೆ ಹುಡುಗಿಯರೇ ಹೊಡೆಯಬೇಕು ಅನ್ನುವಷ್ಟು ಮರ್ಯಾದೆ ಮಾತ್ರ ಅಲ್ಲಿ ಉಳಿದಿತ್ತು.

ಅವತ್ತು ಮಂಜುಳನಿಗೆ ಬಂದದ್ದು 'ಪೀಸ್ ಆಫ್ ಕೇಕ್'. ಬಲು ಸುಲಭದ ಕೆಲಸ ಅಂತ ಅರ್ಥವಂತೆ. ನಾವು ಕೇಕನ್ನು ಆಲೂರಿನ ಬೇಕರಿಯ ಗಾಜಿನ ಹಿಂದೆ ಕಂಡವರೇ ಹೊರತು, ತಿಂದು ಸುಲಭವೋ ಕಷ್ಟವೋ ನೋಡಿದವರಲ್ಲ. ಅವಳು ತುಂಡಿನ ಪೀಸ್ ಬರೆಯುವಲ್ಲಿ ಶಾಂತಿಯ ಪೀಸ್ ಬರೆದಳು. ಮೇಷ್ಟ್ರು ನನ್ನನ್ನು ಎಬ್ಬಿಸಿದರು. ನಾನು ಸರಿಯಾಗಿ ಬರೆದೆ.

"ಹಿಡಿ ಮೂಗು."

ಮಂಜುಳನಿಗೆ ಆ ವಾರವಷ್ಟೇ ಆಚಾರಿ ಮೂಗು ಚುಚ್ಚಿದ್ದ. ಸಣ್ಣ ಚಿನ್ನದ ಬೊಟ್ಟಿನ ಸುತ್ತ ಅರಿಶಿನ, ಕೊಬ್ಬರಿ ಎಣ್ಣೆ. ಅದರಡಿ ಕೆಂಪಗೆ ಊದಿತ್ತು.

"ಸಾರ್, ಮೂಗು ಚುಚ್ಚಿಸವ್ರೆ ಸಾರ್. ಇನ್ನೂ ಮಾಗಿಲ್ಲ," ಅಂದೆ ನಾನು.

"ಶೋಕಿ ಮಾಡಕ್ಕೆ ಬರ್ತದೆ, ಸ್ಪೆಲ್ಲಿಂಗ್ ಬರಲ್ವಾ? ಹಿಡಿಯೇ!"

ನಾನು ಕೈ ಹಿಂದೆ ಕಟ್ಟಿಕೊಂಡೆ. ಬೆತ್ತ ನನ್ನ ಅಂಗೈಗೆ ಬಿತ್ತು. ಆಮೇಲೆ ಅವರು ಇದ್ದ ಆ ಮರ್ಯಾದೆಯನ್ನೂ ಬಿಟ್ಟು ಮೊದಲ ಬೆಂಚಿನ ಹುಡುಗನನ್ನು ಕರೆದರು. ಅವನಿಗೂ ಬೆತ್ತದ ಭಯ, ಬಿಗಿಯಾಗಿಯೇ ಹಿಡಿದ. ಮಂಜುಳ ಕಿರುಚಿದಳು. ರಕ್ತ ತುಟಿಗಿಳಿದು ಬಿಳಿ ಅಂಗಿಗೆ ಹರಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಮುಂದಿನವರನ್ನು ಕರೆದರು.

ದೊಡ್ಡವ್ವನ ಮಾತು ಕೇಳಿ ನಾನು ಕಾಳಿನ ಪಾತ್ರೆ ಅಲ್ಲೇ ಬಿಟ್ಟು ಅವರ ಮನೆಗೆ ಓಡಿದೆ. ದೊಡ್ಡಪ್ಪ ಆಗಷ್ಟೇ ಪೂಜೆ ಮುಗಿಸಿ ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಕೂತಿದ್ದರು.

"ತಪ್ಪು ಮಾಡಿದ್ದು ಮೇಷ್ಟ್ರು ದೊಡ್ಡಪ್ಪ. ಅವರನ್ನ ಕೇಳದು ಬುಟ್ಟು ಇವಳನ್ಯಾಕೆ ಬುಡಿಸ್ತೀರಿ?"

"ಗುರುಗಳ್ನ ಕೇಳಕ್ಕಾಯ್ತದಾ? ನಾಲಿಗೆ ಬಿಗಿ ಹಿಡಿ. ಗಂಡುಡ್ಗ ಇವಳ ಮುಖ ಮುಟ್ಟವ್ನೆ ಅಂತ ಊರೆಲ್ಲ ಆಡ್ಕತಾವ್ರೆ. ನಾಳೆ ಗಂಡು ಹುಡುಕಿ ಕೊಡೋಳು ನೀನಾ?"

"ಮುಟ್ಸಿದ್ದು ಯಾರು ಮತ್ತೆ?"

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ನನ್ನ ಅವ್ವ ರಟ್ಟೆ ಹಿಡಿದಳು. "ನಡಿ ಮನೆಗೆ. ಬೆಳ್ದಂಗೆಲ್ಲ ಬಾಯಿ ಬಂದದೆ ನಿಂಗೆ."

ಅಡುಗೆಮನೆ ಬಾಗಿಲಲ್ಲಿ ಮಂಜುಳ ನಿಂತಿದ್ದಳು. ಬೊಟ್ಟು ತೆಗೆದಿದ್ದರು. ಮೂಗಿಗೆ ಎಣ್ಣೆಯ ಹತ್ತಿ. "ಬುಡೇ ಮಾರಾಯ್ತಿ," ಅಂದಳು, "ಅವನ ಪೀಸೂ ಬ್ಯಾಡ, ಕೇಕೂ ಬ್ಯಾಡ." ನಗಲು ಹೋದಳು. ನೋವಾಗಿ ಮುಖ ಹಿಂಡಿದಳು.

ಇಷ್ಟು ವರ್ಷವಾಯಿತು, ನನ್ನ ಸಿಟ್ಟು ಆರಿಲ್ಲ. ಹೊಡೆಸಿದವನಿಗೆ ಸಂಬಳ, ಹೊಡೆಸಿಕೊಂಡವಳಿಗೆ ಅಡುಗೆಮನೆ. ಇದನ್ನು ನ್ಯಾಯವೆಂದು ಒಪ್ಪಿದವರು ಕೆಟ್ಟವರೇನಲ್ಲ, ದಿನಾ ಲಿಂಗಪೂಜೆ ಮಾಡುವವರು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಶಿವ ಕಣ್ಣು ಬಿಟ್ಟಷ್ಟಕ್ಕೆ ಕೈ ಮುಗಿಯುತ್ತೇನೆ: ಗಾಯ ನಂಜಾಗಲಿಲ್ಲ. ಅವಳನ್ನು ಹೆಗ್ಗದ್ದೆಯ ಕಡೆಗೆ ಕೊಟ್ಟರು, ಗಂಡ ಕೈ ಎತ್ತುವವನಲ್ಲ. ಅವಳ ಮಗಳು ಓದಿದಳು. ಮೂಗು ಮತ್ತೆ ಚುಚ್ಚಿಸಿಕೊಳ್ಳಲು ಮಾತ್ರ ಮಂಜುಳ ಯಾರ ಮಾತೂ ಕೇಳಲಿಲ್ಲ. ಮದುವೆ ಮಂಟಪದಲ್ಲೂ ಬೋಳು ಮೂಗಿನಲ್ಲೇ ಕೂತಳು.

ಈಗ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲವಂತೆ, ಒಳ್ಳೆಯದು. ಆದರೆ ಊರಿನ ಯಾವುದಾದರೂ ಆಸ್ಪತ್ರೆಯಲ್ಲಿ ಬಿಳಿ ಸೀರೆಯುಟ್ಟು ಓಡಾಡಬೇಕಿದ್ದ ಒಬ್ಬಳು ಇಲ್ಲ. ಅವಳು ಸೂಜಿ ಚುಚ್ಚಿ ಸಮಾಧಾನ ಹೇಳಬೇಕಿದ್ದ ಜನರಿಗೆ ತಮಗೇನು ತಪ್ಪಿತೆಂದೇ ಗೊತ್ತಿಲ್ಲ. ಬೆಳಗ್ಗೆ ಪೂಜೆಯಲ್ಲಿ ಗುರುಗಳಿಗೆಲ್ಲ ಶರಣು ಅನ್ನುತ್ತೇನೆ, ಒಬ್ಬರನ್ನು ಬಿಟ್ಟು. ಅದು ಪಾಪವಾದರೆ ಶಿವನೇ ನನ್ನನ್ನು ಕೇಳಲಿ, ಉತ್ತರ ಕೊಡುತ್ತೇನೆ.

ಎಸರು ಮರಳುತ್ತಿದೆ. ಹಿಟ್ಟು ಹಾಕಿ ಮುದ್ದೆ ತಿರುವಬೇಕು.