ಗುಡ್ಡಣ್ಣನ ಗುಡ್ಡ

ವಿಡಿಯೋ ಗೇಮ್ ತಯಾರಿಸುವ ಆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವನು ಗುಡ್ಡಣ್ಣ. ಆಟಗಾರರು ಓಡಾಡುವ ಕೋಟೆ, ಬೀದಿಗಳನ್ನು ಬೇರೆಯವರು ಕಟ್ಟುತ್ತಾರೆ. ಬೇಲಿಯಾಚೆ, ಯಾರೂ ಕಾಲಿಡಲಾಗದ ದೂರದಲ್ಲಿ ಕಾಣುವ ಗುಡ್ಡಬೆಟ್ಟಗಳೆಲ್ಲ ಇವನ ಪಾಲಿನವು. ಪರದೆಯಲ್ಲಿ ಹೆಬ್ಬೆರಳಷ್ಟು ಕಾಣುವ ಗುಡ್ಡವಾದರೂ ಸರಿ, ಅದರ ತೊರೆ ಒಂದಿಷ್ಟು ಏರುಮುಖವಾಗಿ ಹರಿದರೆ ಇವನಿಗೆ ಊಟ ಸೇರದು. "ನೀರಿಗೇನು ಲಿಫ್ಟ್ ಇದೆಯೇನ್ರೀ?" ಎಂದು ಜೊತೆಯವರನ್ನು ಗದರುತ್ತಾನೆ. ಮನೆಯಲ್ಲಿ ಹೆಂಡತಿ ಮುದುರಿದ ಕಂಬಳಿ ಮಡಿಸಲು ಬಂದರೆ, "ಇರೇ, ಮುಟ್ಬೇಡ, ಎಂಥಾ ಕಣಿವೆ ಬಿದ್ದಿದೆ ನೋಡು!" ಎಂದು ಫೋಟೋ ತೆಗೆಯಲು ಓಡುತ್ತಾನೆ. ಇಷ್ಟಾದರೂ ಗುಡ್ಡಗಳ ಬೆನ್ನು ಮಾತ್ರ ಖಾಲಿ. ಕಾಣದ ಬದಿಯನ್ನು ಮಾಡದೆ ಬಿಡುವುದು ಆ ಕಸುಬಿನ ರೂಢಿ. ಮೊನ್ನೆ ಭಾನುವಾರ ಅವನ ಮಕ್ಕಳು ಇನ್ನೂ ಮುಗಿಯದ ಹೊಸ ಆಟವನ್ನು ಆಡಿ ನೋಡುತ್ತ ಢಂ ಢಮಾರ್ ಎನ್ನುತ್ತಿದ್ದಾಗ, ಅವನ ಅಮ್ಮ ಮಾತ್ರ ಕನ್ನಡಕ ಏರಿಸಿಕೊಂಡು ದೂರದ ಗುಡ್ಡವನ್ನೇ ನೋಡುತ್ತ ಕುಳಿತಿದ್ದರು. "ಅದರಾಚೆ ಏನಿದೆಯೋ?" ಎಂದು ಕೇಳಿದರು. ಏನೂ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಕೆರೆ ಇದೆ ಕಣಮ್ಮಾ, ದಡದಲ್ಲಿ ಕೂತ್ಕೊಳ್ಳೋಕೆ ಕಲ್ಲುಬೆಂಚೂ ಇದೆ" ಎಂದುಬಿಟ್ಟ. "ಅದೇ ಅಂದ್ಕೊಂಡೆ, ಆ ಕಡೆಯಿಂದ ಗಾಳಿ ತಂಪಾಗಿ ಬರೋ ಹಾಗಿದೆ" ಎಂದು ಅಮ್ಮ ಸೆರಗು ಹೊದ್ದುಕೊಂಡರು. ಸೋಮವಾರ ಅವನ ಪರದೆಯನ್ನು ಇಣುಕಿ ನೋಡಿದ ಬಾಸು, "ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಏನ್ರೀ ಇದು?" ಎಂದು ಹುಬ್ಬೇರಿಸಿದರು. "ಕೆರೆ ಸಾರ್. ಇದೆ ಅಂತ ಅಮ್ಮನಿಗೆ ಹೇಳ್ಬಿಟ್ಟಿದ್ದೀನಿ" ಎಂದ ಗುಡ್ಡಣ್ಣ, ತಲೆಯೆತ್ತದೆ, ಬೆಂಚಿನ ಮೇಲೆ ನೆರಳು ಬೀಳುವಂತೆ ಒಂದು ಮರ ನೆಟ್ಟ.