ಗುಂಡು ಎಸೆಯುವ ಮುನ್ನ ಖಾಜಾ ಕೂಗಿದ್ದು

ನಿನ್ನೆ ಟೀವಿಯಲ್ಲಿ ಅಂಗವಿಕಲರ ಅಂತರರಾಷ್ಟ್ರೀಯ ಕ್ರೀಡಾಕೂಟ ತೋರಿಸುತ್ತಿದ್ದರು. ನಮ್ಮ ದೇಶದ ಹುಡುಗಿಯೊಬ್ಬಳು ಕುರ್ಚಿಗೆ ಸೊಂಟ ಬಿಗಿದುಕೊಂಡು ಗುಂಡು ಎಸೆಯಲು ಕೂತಿದ್ದಳು. ಗ್ಯಾಲರಿಯಿಂದ ಅವಳ ಕೋಚು ಗಂಟಲು ಹರಿಯುವಂತೆ ಕೂಗುತ್ತಿದ್ದ. ಬಾವುಟ ಹಿಡಿದ ತೀರ್ಪುಗಾರರು ಅವನತ್ತ ತಿರುಗಿಯೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ದೇಶಕ್ಕೆ ಪದಕ ಬರುವ ಹೊತ್ತಿನಲ್ಲಿ ಈ ಮುದುಕನ ಮುಖ ಯಾಕೆ ಬಾಡಿತು ಎಂದು ನೀವು ಕೇಳಬಹುದು. ಹೇಳುತ್ತೇನೆ.

ನಾನು ಶಹಾಬಾದಿನ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ಹತ್ತು ವರ್ಷವಾಗಿರಬೇಕು. ಆಗ ಇಂಥ ಕೂಟಗಳಿಗೆ ದೇಶದಿಂದ ಹೋಗುತ್ತಿದ್ದವರು ಬೆರಳೆಣಿಕೆಯ ಜನ. ಯಾರೂ ಹೋಗದೆ ವರ್ಷಗಳೇ ಕಳೆದದ್ದೂ ಉಂಟು. ನನಗೋ, ಒಬ್ಬನನ್ನಾದರೂ ವಿಮಾನ ಹತ್ತಿಸಿ ದೊಡ್ಡ ಕೋಚು ಅನ್ನಿಸಿಕೊಳ್ಳುವ ಚಪಲ. ಸಿಕ್ಕವನು ರಾವೂರಿನ ಖಾಜಾ.

ಖಾಜಾ ಕಲ್ಲುಗಣಿಯಲ್ಲಿ ದುಡಿದವನು. ಗಣಿಯಲ್ಲಿ ಒಂದು ಕಟ್ಟಳೆ: ಮೇಲಿನವನು ಕಲ್ಲು ಕೆಳಗೆ ಎಸೆಯುವ ಮುಂಚೆ "ಕಲ್ ಬಂತ್ರೋ" ಎಂದು ಕೂಗಬೇಕು, ಕೆಳಗಿನಿಂದ "ಬರ್ಲಿ" ಎಂದು ಉತ್ತರ ಬಂದ ಮೇಲೆಯೇ ಕೈ ಬಿಡಬೇಕು. ಒಂದು ದಿನ ಮೇಲಿನವನು ಉತ್ತರಕ್ಕೆ ಕಾಯಲಿಲ್ಲ. ಕೆಳಗಿದ್ದವನು ಖಾಜಾ. ಆಮೇಲೆ ಅವನ ಸೊಂಟದ ಕೆಳಗೆ ಜೀವವಿರಲಿಲ್ಲ. ಇದ್ದ ಬಲವೆಲ್ಲ ತೋಳಿನಲ್ಲಿತ್ತು.

ಶಾಲೆಯ ಬಯಲಿನಲ್ಲಿ ಟೇಪು ಹಿಡಿದು ನಾನು ದೂರ ನಿಲ್ಲುತ್ತಿದ್ದೆ. ಅವನು ಕುರ್ಚಿಯಿಂದ ಕೂಗುತ್ತಿದ್ದ, ನಾನು "ಬರ್ಲಿ" ಅನ್ನುತ್ತಿದ್ದೆ, ಗುಂಡು ಬರುತ್ತಿತ್ತು. ವರ್ಷವಿಡೀ ಹೀಗೇ ನಡೆಯಿತು. ಆ ಒಂದು ಮಾತಿಲ್ಲದೆ ಅವನ ಕೈ ಬಿಡುವುದಿಲ್ಲವೆಂಬುದು ನನ್ನಂಥ ಜಾಣನಿಗೆ ಹೊಳೆಯಲೇ ಇಲ್ಲ.

ದೇಶದ ತಂಡಕ್ಕೆ ಆಯ್ಕೆ ನಡೆದದ್ದು ಬೆಂಗಳೂರಿನಲ್ಲಿ. ಗುಂಡು ಎಸೆತಕ್ಕೆ ಒಂದೇ ಜಾಗ. ಮೂರು ಎಸೆತ, ಒಂದೊಂದಕ್ಕೂ ಒಂದು ನಿಮಿಷದ ಗಡುವು. ನಾನು ಹೆಡ್‌ಮಾಸ್ತರರ ಕೋಟು ಬೇಡಿ ತೊಟ್ಟು, ಇಂಗ್ಲಿಷ್ ಮಾತಾಡುವ ಸಾಹೇಬರ ಸಾಲಿನಲ್ಲಿ ಉಬ್ಬಿ ಕೂತಿದ್ದೆ.

ಖಾಜಾ ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು ಕೂಗಿದ, "ಕಲ್ ಬಂತ್ರೋ."

ನನ್ನ ಸಾಲಿನಲ್ಲಿ ಯಾರೋ ನಕ್ಕರು. ಅವನು ಕಾದ. "ಬರ್ಲಿ" ಅನ್ನಬೇಕಾದ ನಾನು ಕೋಟಿನ ಕಾಲರು ಸರಿಪಡಿಸಿಕೊಂಡೆ. ನಿಮಿಷ ಮುಗಿಯಿತು, ಕೆಂಪು ಬಾವುಟ ಎದ್ದಿತು.

ಎರಡನೇ ಸಲ ಅವನು ನೇರ ನನ್ನನ್ನೇ ನೋಡಿ ಕೂಗಿದ. ಪಕ್ಕದ ಸಾಹೇಬರು ಈತ ಯಾರನ್ನು ಕರೆಯುತ್ತಿದ್ದಾನೆ ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದೆ. ಹಾಗೆಂದು, ಬಿಚ್ಚದ ಬೂಟಿನ ಲಾಡಿ ಕಟ್ಟಲು ಬಗ್ಗಿದೆ. ಬಗ್ಗಿದವನು ಆ ನಿಮಿಷ ಕಳೆಯುವವರೆಗೆ ಏಳಲಿಲ್ಲ. ಅಷ್ಟು ಉದ್ದದ ನಿಮಿಷವನ್ನು ನಾನು ಬೇರೆ ಕಂಡಿಲ್ಲ.

ಮೂರನೇ ಸಲ ಅವನು ಕೂಗಲಿಲ್ಲ, ಯಾರತ್ತಲೂ ನೋಡಲಿಲ್ಲ. ಎಸೆದ. ಕೊನೆಯ ಗಳಿಗೆಯಲ್ಲಿ ಕೈ ತಡೆಯಿತು. ಗುಂಡು ಶಾಲೆಯ ಬಯಲಿನಲ್ಲಿ ಬೀಳುತ್ತಿದ್ದುದರ ಅರ್ಧಕ್ಕೇ ಬಿತ್ತು. ಆ ಜಾಗ ಬೇರೆಯವರ ಪಾಲಾಯಿತು.

ವಾಪಸು ಬರುವಾಗ ರೈಲಿನಲ್ಲಿ ನಾನೇ ಮಾತು ತೆಗೆದೆ. ಹೊರಗಿನವರು ಬಾಯಿ ಬಿಟ್ಟರೆ ಆಟಗಾರನನ್ನೇ ಹೊರಗೆ ಹಾಕುತ್ತಾರೆ, ಅಂಥ ರೂಲು ಇದೆ ಎಂದೆ. ಅವನು ತಲೆಯಾಡಿಸಿ, ವಾಡಿ ಬಂತು, ಚಹಾ ಕುಡೀರಿ ಎಂದ. ಆ ರೂಲನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇಷ್ಟು ವರ್ಷ ಹೇಳಿಕೊಳ್ಳುತ್ತಾ ನಾನೇ ಅದನ್ನು ನಂಬಿಬಿಟ್ಟಿದ್ದೆ. ನಿನ್ನೆ ಆ ಕೋಚಿನ ಗಂಟಲು ಕೇಳಿ ನನ್ನ ಸುಳ್ಳು ನನಗೇ ನಾಚಿಕೆ ತಂದಿತು.

ಬೆಳಿಗ್ಗೆ ರಾವೂರಿಗೆ ಫೋನು ಹಚ್ಚಿದೆ. ಖಾಜಾನ ಮಗಳು ಅವನ ಕೈಗೆ ಕೊಟ್ಟಳು. ಪೀಠಿಕೆ ಹಾಕದೆ ಹೇಳಿಬಿಟ್ಟೆ: ರೂಲು ಗೀಲು ಏನೂ ಇರಲಿಲ್ಲ, ಆ ಸಾಹೇಬರ ಮುಂದೆ ಗಣಿಯವರ ಹಾಗೆ ಕೂಗಲು ನನಗೆ ನಾಚಿಕೆಯಾಗಿತ್ತು.



"ಆವತ್ತೇ ಗೊತ್ತಾಗಿತ್ರಿ ಸರ," ಎಂದ ಖಾಜಾ. "ನಿಮಗ ಭಾಳ ತ್ರಾಸ ಆಗ್ಲಿಕತ್ತಿತ್ತು. ಅದ್ಕೇ ಮೂರನೇ ಸಲ ನಿಮ್ಮ ಕಡಿ ನೋಡ್ಲಿಲ್ರಿ."